ಕುಪ್ಪಸದ ಗಂಟು

ಕಳೆದ ವರ್ಷ ನನ್ನ ತಂಗಿಯ ಮಗಳಿಗೆ ಮದುವೆ ನಿಶ್ಚಯವಾಯಿತು. ಮದುವೆಯ ಜವಳಿ ತೆಗೆಯುವುದು ನಮ್ಮ ಕಡೆ ಒಬ್ಬಿಬ್ಬರ ಕೆಲಸವಲ್ಲ. ಮನೆಯ ಹಿರಿಯರೆಲ್ಲ ಬಂದು ಸೀರೆಯ ಅಂಚು ಮುಟ್ಟಿ ನೋಡಿ ‘ಹೂಂ’ ಎನ್ನಬೇಕು. ರೂಪನಗುಡಿಯಿಂದ ನನ್ನ ಅವ್ವ ಬೆಳಗಿನ ಬಸ್ಸಿಗೇ ಬಳ್ಳಾರಿಗೆ ಬಂದಿಳಿದಳು. ಎಪ್ಪತ್ತು ದಾಟಿದ ಜೀವ; ಆದರೂ ಜವಳಿ ಅಂಗಡಿಯಲ್ಲಿ ಕುಳಿತಳೆಂದರೆ ಅವಳಿಗೆ ಮಧ್ಯಾಹ್ನದ ಊಟದ ನೆನಪೂ ಆಗುವುದಿಲ್ಲ. ಸೀರೆಗಳನ್ನೆಲ್ಲ ಆರಿಸಿ ಮುಗಿದ ಮೇಲೆ, ಅಂಗಡಿಯ ಹುಡುಗಿ ಒಂದು ಪುಟ್ಟ ಪೆಟ್ಟಿಗೆಯಿಂದ ಮೈಬಣ್ಣದ, ಎಳೆದರೆ ಹಿಗ್ಗುವ, ಕೊಳವೆಯಂಥ ಉಡುಪೊಂದನ್ನು ತೆಗೆದು ಮುಂದಿಟ್ಟಳು. ಅದರ ಹೆಸರು ‘ಸೀರೆ ಶೇಪ್‌ವೇರ್’ ಅಂತೆ.

“ಈಗ ಲಂಗ ಯಾರೂ ಕೇಳೋದಿಲ್ಲ ಮೇಡಂ. ಇದನ್ನ ಹಾಕ್ಕೊಂಡ್ರೆ ಹೊಟ್ಟೆ ಕಾಣೋದಿಲ್ಲ, ಸೊಂಟ ಸಣ್ಣಗೆ ಕಾಣುತ್ತೆ. ಕಂಫರ್ಟಾಗೂ ಇರುತ್ತೆ.”

ಅವ್ವ ಅದನ್ನು ಕೈಗೆತ್ತಿಕೊಂಡಳು. ಎರಡು ಕೈಯಿಂದಲೂ ಎಳೆದು ಬಿಟ್ಟಳು. ಅದು ತಟ್ಟನೆ ಮೊದಲಿನಂತಾಯಿತು. “ಇದು ಬಾಣಂತಿ ಹೊಟ್ಟಿಗೆ ಕಟ್ಟೋದಲ್ಲೇನವ್ವಾ? ಮದುವಿಗೆ ಮುಂಚೇನ ಯಾಕ?” ಎಂದು ಕೇಳಿದಳು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮದುಮಗಳು ನಾಚಿಕೊಂಡು, ಆದರೂ ಒಂದನ್ನು ಕೊಂಡಳು. ನಾನೂ ನಕ್ಕೆ. ಆದರೆ ಕನ್ನಡ ಪಾಠ ಹೇಳುವವರಿಗೆ ಒಂದು ರೋಗವಿದೆ. ಒಂದು ಮಾತು ಕಿವಿಗೆ ಬಿದ್ದರೆ ಅದು ರಾತ್ರಿಯವರೆಗೂ ಬಿಡುವುದಿಲ್ಲ. ಆ ಹುಡುಗಿ ಅಷ್ಟು ಸಲೀಸಾಗಿ ಆಡಿದ ‘ಕಂಫರ್ಟ್’ ಎಂಬುದಕ್ಕೆ ನಾವು ಏನೆನ್ನುತ್ತೇವೆ? ಪುಸ್ತಕದಲ್ಲಿ ‘ಹಿತ’ ಎನ್ನಬಹುದು, ‘ಸುಖ’ ಎನ್ನಬಹುದು. ಬಳ್ಳಾರಿಯ ಬಾಯಲ್ಲಿ ಅದಕ್ಕೆ ‘ಆರಾಮ’ ಎಂಬ ಮಾತಿದೆ. ದಾರಿಯಲ್ಲಿ ಕಂಡವರು ‘ಆರಾಮಿದ್ದೀರಾ?’ ಎನ್ನುತ್ತಾರೆ, ಜ್ವರ ಬಂದವನು ‘ಮೈಯಾಗ ಆರಾಮಿಲ್ಲ’ ಎನ್ನುತ್ತಾನೆ. ಹಾಗೆಂದರೆ ನಮ್ಮ ಸೀಮೆಯಲ್ಲಿ ಹಿತವೂ ಆರೋಗ್ಯವೂ ಒಂದೇ ಮಾತಿನಲ್ಲಿ ಅಡಗಿವೆ. ಇನ್ನೊಂದು ಕಡೆ, ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯೂ ನಮ್ಮದೇ. ಹೆಂಗಸಿನ ಉಡುಪಿನ ಚರಿತ್ರೆಯೆಲ್ಲ ಈ ಎರಡರ ನಡುವಿನ ಜಗ್ಗಾಟವೆಂದು ನನಗೆ ತೋರುತ್ತದೆ: ಮೈಯ ಆರಾಮ ಒಂದು ಕಡೆ, ಪರರ ನೋಟ ಇನ್ನೊಂದು ಕಡೆ.

ಈ ಚರಿತ್ರೆ ಮೇಲುನೋಟಕ್ಕೆ ಅಲ್ಪವಿಷಯವೆನಿಸೀತು. ರಾಜರ ಯುದ್ಧಗಳನ್ನು ಬರೆದ ಕಲ್ಲುಗಳು ಎಷ್ಟೋ ಇವೆ. ರವಿಕೆಯ ಹೊಲಿಗೆ ಬಿಚ್ಚಿದ್ದನ್ನು ಯಾರೂ ಕಲ್ಲಿನಲ್ಲಿ ಬರೆಸಲಿಲ್ಲ. ಆದರೂ ಮಾತುಗಳು ಉಳಿದಿವೆ. ನಮ್ಮ ‘ಕುಪ್ಪಸ’ ಸಂಸ್ಕೃತದ ಕೂರ್ಪಾಸದಿಂದ ಇಳಿದು ಬಂದದ್ದು. ಬಳ್ಳಾರಿಯ ಬಾಯಲ್ಲಿ ಇನ್ನೂ ಸವೆದು ‘ಕುಬುಸ’ವಾಗಿದೆ. ಹಿಂದಿನ ಕಾಲದ ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಅಮರಕೋಶವು ಚೋಲ, ಕೂರ್ಪಾಸಕ ಎಂಬ ಎರಡು ಮಾತುಗಳನ್ನು ಒಂದೇ ಕಡೆ ಕೂರಿಸಿದೆ. ಕಾವ್ಯಗಳಲ್ಲಿ ಬರುವ ಇನ್ನೊಂದು ಮಾತು ‘ಕಂಚುಕ’. ಅದಕ್ಕೆ ಮೂರು ಅರ್ಥಗಳಿವೆ: ರವಿಕೆ, ಯೋಧನ ಕವಚ, ಹಾವಿನ ಪೊರೆ. ಮೈಯನ್ನು ಕಾಯುವುದು ಕವಚ. ಮೈ ಬೆಳೆದಾಗ ಕಳಚಿ ಬೀಳುವುದು ಪೊರೆ. ಹಾವಿಗಿರುವ ಈ ಸ್ವಾತಂತ್ರ್ಯ ಹೆಂಗಸಿಗೆ ಎಷ್ಟರಮಟ್ಟಿಗೆ ಇತ್ತು ಎಂಬುದೇ ನನ್ನ ಪ್ರಶ್ನೆ.

ಹೊಲಿದ ಬಟ್ಟೆ ನಮ್ಮ ದೇಶಕ್ಕೆ ಹೊರಗಿನಿಂದ ಬಂದುದೆಂದು ಹೇಳುವವರುಂಟು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ‘ಸೂಜಿಕಾಯಕದ ರಾಮಿತಂದೆ’ ಎಂಬ ವಚನಕಾರನಿದ್ದಾನೆ. ಹೆಸರಿನಲ್ಲಿಯೇ ಕಸುಬಿದೆ. ಸೂಜಿಯಿಂದ ಬದುಕುವವನು ಇದ್ದನೆಂದ ಮೇಲೆ ಹೊಲಿಸಿ ಉಡುವವರೂ ಇದ್ದರೆಂದು ತಿಳಿಯಲು ಬೇರೆ ಸಾಕ್ಷಿ ಬೇಡ.

ಶಿಲ್ಪಿಗಳೂ ಒಂದು ಸೂಕ್ಷ್ಮವನ್ನು ನಮಗಾಗಿ ಉಳಿಸಿದ್ದಾರೆ. ದಕ್ಷಿಣದ ವಿಷ್ಣುಮೂರ್ತಿಗಳ ಎರಡು ಬದಿಗೆ ಶ್ರೀದೇವಿ, ಭೂದೇವಿಯರು ನಿಲ್ಲುತ್ತಾರೆ. ಮುಖ ಒಂದೇ ಬಗೆ, ಕಿರೀಟ ಒಂದೇ ಬಗೆ. ಯಾರು ಯಾರೆಂದು ತಿಳಿಯುವುದಕ್ಕೆ ಶಿಲ್ಪಶಾಸ್ತ್ರದವರು ಇಟ್ಟ ಗುರುತುಗಳಲ್ಲಿ ಒಂದು ಕುಚಬಂಧ, ಎಂದರೆ ಎದೆಗೆ ಅಡ್ಡಲಾಗಿ ಬಿಗಿದ ಪಟ್ಟಿ. ಶ್ರೀದೇವಿಗೆ ಅದು ಉಂಟು, ಭೂದೇವಿಗೆ ಇಲ್ಲ. ಐಶ್ವರ್ಯದ ದೇವಿಗೆ ಬಂಧನ, ನೆಲದ ದೇವಿಗೆ ಬಿಡುಗಡೆ. ಶಾಸ್ತ್ರಕಾರರ ಉದ್ದೇಶ ಏನೇ ಇರಲಿ, ಹೊಲದಲ್ಲಿ ಬಗ್ಗಿ ಏಳುವ ಹೆಂಗಸರನ್ನು ಕಂಡು ಬೆಳೆದ ನನಗೆ ಈ ಗುರುತು ಸರಿಯೆಂದೇ ಕಾಣುತ್ತದೆ. ಸಿರಿವಂತಿಕೆ ಬಂದ ಕಡೆ ಬಿಗಿತವೂ ಬರುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ನೆರೆಯ ಹಂಪೆಯಲ್ಲಿಯೇ ಇದೆ. (2021ರಲ್ಲಿ ಹೊಸ ಜಿಲ್ಲೆಯಾದ ಮೇಲೆ ಹಂಪೆ ಬಳ್ಳಾರಿ ಜಿಲ್ಲೆಯದಲ್ಲ, ಆದರೂ ನಮಗೆ ಅದು ನೆರೆಮನೆಯೇ.) ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸ್, ಮಹಾನವಮಿಯ ಮೆರವಣಿಗೆಯಲ್ಲಿ ಬಂದ ಅರಮನೆಯ ಹೆಂಗಸರನ್ನು ವರ್ಣಿಸಿದ್ದಾನೆ. ಅವರ ಮೈಮೇಲಿನ ಬಳೆ, ಚಿನ್ನ, ರತ್ನಗಳ ಭಾರ ಎಷ್ಟಿತ್ತೆಂದರೆ, ಹಲವರಿಗೆ ಅದನ್ನು ಹೊರಲು ಶಕ್ತಿ ಸಾಲದೆ, ಜೊತೆಯ ಹೆಂಗಸರು ಅವರ ತೋಳುಗಳನ್ನು ಹಿಡಿದು ಆಧಾರ ಕೊಡುತ್ತಿದ್ದರಂತೆ. ಪಾಯಿಸ್ ಇದನ್ನು ಬೆರಗಿನಿಂದ ಬರೆದ. ಓದುವ ನಮಗೆ ಆ ತೋಳುಗಳ ನೋವು ನೆನಪಾಗುತ್ತದೆ. ಅದೇ ಶತಮಾನದಲ್ಲಿ ಹಿಂದೂಪುರದ ಬಳಿಯ ಲೇಪಾಕ್ಷಿಯ ಗುಡಿಯ ಛಾವಣಿಗೆ ಬರೆದ ಚಿತ್ರಗಳಲ್ಲಿ ಬಗೆಬಗೆಯ ಅಂಚಿನ ಸೀರೆ ಉಟ್ಟು, ಮೈಗೆ ಅಂಟಿದ ಕುಪ್ಪಸ ತೊಟ್ಟ ಹೆಂಗಸರು ಇಂದಿಗೂ ನಿಂತಿದ್ದಾರೆ. ಆ ಬಿಗಿ ಕುಪ್ಪಸ ಇಂದಿನ ಸೀರೆ ಅಂಗಡಿಯ ಬೊಂಬೆಗೂ ಒಪ್ಪುವಂತಿದೆ.

ಇವೆಲ್ಲ ಅರಮನೆಯ ಸಂಗತಿಗಳು. ಊರಿನ ಹೆಂಗಸು ಏನು ತೊಡುತ್ತಿದ್ದಳು? ಇದಕ್ಕೆ ನನ್ನ ಅಜ್ಜಿಯೇ ಪುಸ್ತಕ. ಆಕೆ ಉಡುತ್ತಿದ್ದುದು ಹದಿನೆಂಟು ಮೊಳದ ಸೀರೆ. ಹೊಲದ ಕೆಲಸಕ್ಕೆ ಕಚ್ಚೆ ಹಾಕುತ್ತಿದ್ದಳು. ಒಳಗೆ ಲಂಗವೆಂಬುದು ಇರಲಿಲ್ಲ. ಸೀರೆಯ ಗಂಟೇ ಸೀರೆಗೆ ಆಧಾರ. ಮೇಲೆ ಖಣದ ಕುಬುಸ. ಗುಳೇದಗುಡ್ಡದ ನೇಕಾರರು ಕುಪ್ಪಸಕ್ಕೆಂದೇ ನೇಯುವ ಬಟ್ಟೆಗೆ ಖಣವೆಂದು ಹೆಸರು. ಒಂದು ಕುಪ್ಪಸಕ್ಕೆ ಎಷ್ಟು ಬೇಕೋ ಅಷ್ಟೇ ಒಂದು ಖಣ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಹೋದಾಗಲೆಲ್ಲ ಅಜ್ಜಿ ಒಂದು ಖಣ ತರುತ್ತಿದ್ದಳು. ಅದರ ಹೊಲಿಗೆಯಲ್ಲಿ ಬಟ್ಟೆ ವ್ಯರ್ಥವಾಗುತ್ತಿರಲಿಲ್ಲ. ಕಂಕುಳ ಕೆಳಗೆ ಒಂದು ಪುಟ್ಟ ತುಂಡನ್ನು ಕೂಡಿಸುತ್ತಿದ್ದರು, ಕೈ ಎತ್ತಿದರೆ ಹಿಡಿಯಬಾರದೆಂದು. ಗುಂಡಿಯಿಲ್ಲ, ಕೊಕ್ಕೆಯಿಲ್ಲ. ಮುಂದಿನ ಎರಡು ತುದಿಗಳನ್ನು ಎದೆಯ ಕೆಳಗೆ ತಂದು ಗಂಟು ಹಾಕುವುದು, ಅಷ್ಟೆ.

ಆ ಗಂಟನ್ನು ನಾನು ಚಿಕ್ಕವಳಿದ್ದಾಗ ಎಷ್ಟೋ ಸಾರಿ ನೋಡಿದ್ದೇನೆ. ಬೆಳಿಗ್ಗೆ ಬುತ್ತಿ ಹೊತ್ತು ಹೊರಡುವಾಗ ಬಿಗಿ. ಮಧ್ಯಾಹ್ನ ಬೇವಿನ ಮರದ ಕೆಳಗೆ ಊಟಮಾಡಿ ಕಾಲು ಚಾಚಿದಾಗ ಸಡಿಲ. ಮಗುವಿಗೆ ಹಾಲು ಕೊಡುವಾಗ ಬಿಚ್ಚು. ಯಾರಾದರೂ ಗಂಡಸರು ಬಂದರೆ ಸೆರಗು ಮುಂದಕ್ಕೆ. ದಿನಕ್ಕೆ ನಾಲ್ಕಾರು ಬಾರಿ ಮೈ ಕೇಳಿದಂತೆ ಗಂಟು ಬದಲಾಗುತ್ತಿತ್ತು. ಅದನ್ನು ಕಟ್ಟಲೂ ಬಿಚ್ಚಲೂ ಇನ್ನೊಬ್ಬರ ಕೈ ಬೇಕಿರಲಿಲ್ಲ.

ಕುಬುಸವೆಂಬ ಮಾತಿಗೆ ನಮ್ಮ ಸೀಮೆಯಲ್ಲಿ ಇನ್ನೊಂದು ಅರ್ಥವಿದೆ. ಮೈಸೂರಿನ ಕಡೆಯವರು ಸೀಮಂತ ಎನ್ನುವುದನ್ನು ನಾವು ‘ಕುಬುಸ ಮಾಡುವುದು’ ಎನ್ನುತ್ತೇವೆ. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬುಸ, ಹಸಿರು ಬಳೆ ತಂದು ಉಡಿ ತುಂಬುತ್ತಾರೆ. ಈ ಶಾಸ್ತ್ರದ ಮೂಲ ಏನೋ. ಆದರೆ ಅದರ ವಿವೇಕ ಸ್ಪಷ್ಟವಾಗಿದೆ. ಮೈ ಬೆಳೆದಿದೆ, ಹಳೆಯ ಕುಬುಸ ಸಾಲದು, ಹೊಸದು ಬೇಕು. ಬೆಳೆದ ಮೈಯನ್ನು ಹಳೆಯ ಅಳತೆಗೆ ತುಂಬುವುದನ್ನು ಬಿಟ್ಟು, ಅಳತೆಯನ್ನೇ ಬದಲಿಸಿ ಅದಕ್ಕೆ ಆರತಿ ಎತ್ತುವ ಹಬ್ಬ ಇದು.

ಹೆರಿಗೆಯಾದ ಮೇಲೆ ಬಿಗಿತದ ಸರದಿ ಬರುತ್ತದೆ. ಹಳೆಯ ಮೆತ್ತನೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಬಾಣಂತಿಯ ಹೊಟ್ಟೆಗೂ ನಡುವಿಗೂ ಸುತ್ತಿ ಕಟ್ಟುತ್ತಾರೆ. ಹೊಟ್ಟೆ ಜೋಲು ಬೀಳಬಾರದು, ನಡು ನೋಯಬಾರದು ಎಂಬುದು ಹಿರಿಯರ ನಂಬಿಕೆ. ಅಂಗಡಿಯಲ್ಲಿ ಅವ್ವನ ಬಾಯಿಂದ ಬಂದದ್ದು ಇದೇ. ಮೈಯ ಆಕಾರವನ್ನು ತಿದ್ದುವ ಉಡುಪು ನಮಗೇನೂ ಹೊಸದಲ್ಲ. ಆದರೆ ಅದಕ್ಕೊಂದು ಕಾಲವಿತ್ತು, ಒಂದು ಕಾರಣವಿತ್ತು. ಬಾಣಂತನ ಮುಗಿದ ಮೇಲೆ ಆ ಹಳೆಯ ಸೀರೆ ತೊಟ್ಟಿಲಿಗೆ ಹೋಗುತ್ತಿತ್ತು.

ಹೀಗೆಂದ ಮಾತ್ರಕ್ಕೆ ನಮ್ಮ ಹಿಂದಿನದೆಲ್ಲ ಚಿನ್ನವೆಂದು ಓದುಗರು ತಿಳಿಯಬಾರದು. ಗಂಡ ಸತ್ತವಳಿಗೆ ಕುಪ್ಪಸವನ್ನೇ ನಿಷೇಧಿಸಿದ ಮನೆತನಗಳು ನಮ್ಮಲ್ಲಿಯೇ ಇದ್ದವು. ತಿರುವಾಂಕೂರಿನಲ್ಲಿ ನಾಡಾರ್ ಸಮುದಾಯದ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ಹಲವು ದಶಕಗಳ ಕಾಲ ಏಟು ತಿಂದು, 1859ರ ರಾಜಶಾಸನದಲ್ಲಿ ರವಿಕೆ ತೊಡುವ ಅನುಮತಿ ಪಡೆದರು. ಅವರಿಗೆ ರವಿಕೆಯ ಬಿಗಿತವೇ ಮಾನ. ಮೈಯ ಆರಾಮ ಒಂದು, ಮನಸ್ಸಿನ ಆರಾಮ ಒಂದು; ಎರಡನೆಯದು ಇಲ್ಲದ ಕಡೆ ಮೊದಲನೆಯದನ್ನು ಹೊಗಳುವುದು ಉಳ್ಳವರ ಮಾತಾದೀತು.

ಇತ್ತ ನಮ್ಮವರು ಗಂಟು ಕಟ್ಟಿ ಬಿಚ್ಚುತ್ತಿದ್ದ ಕಾಲದಲ್ಲಿಯೇ ಬಳ್ಳಾರಿಯ ಕೋಟೆಯ ಆಚೆ ಇನ್ನೊಂದು ಲೋಕ ಬಂದು ಕೂತಿತ್ತು. 1800ರಲ್ಲಿ ಈ ಸೀಮೆ ಇಂಗ್ಲಿಷರ ಕೈಗೆ ಬಂದು, ಬಳ್ಳಾರಿ ಮದರಾಸು ಸರ್ಕಾರದ ದೊಡ್ಡ ದಂಡಿನ ಠಾಣ್ಯವಾಯಿತು. ಸಾಹೇಬರ ಹಿಂದೆ ಮೇಮ್‌ಸಾಹೇಬರೂ ಈ ದೇಶಕ್ಕೆ ಬಂದರು. ಅವರೊಡನೆ ಕಾರ್ಸೆಟ್ಟೂ ಬಂದಿತು. ತಿಮಿಂಗಿಲದ ಬಾಯಲ್ಲಿ ಬೆಳೆಯುವ ಬಾಗುವ ಪಟ್ಟಿಗಳನ್ನೋ ಉಕ್ಕಿನ ಪಟ್ಟಿಗಳನ್ನೋ ಬಟ್ಟೆಯೊಳಗೆ ಹೊಲಿದು, ಬೆನ್ನ ಹಿಂದೆ ದಾರದಿಂದ ಬಿಗಿಯುವ ಅಂಗಿ ಅದು. ಬಿಗಿಯಲು ಎಷ್ಟೋ ವೇಳೆ ದಾಸಿಯೊಬ್ಬಳು ಬೇಕು. ಬಳ್ಳಾರಿಯ ಬೇಸಗೆ ನಾಲ್ವತ್ತು ಡಿಗ್ರಿ ದಾಟುವಂಥದು. ಆ ಬಿಸಿಲಿನಲ್ಲಿ ಈ ಪಂಜರ ಹೇಗಿದ್ದೀತೆಂದು ನೆನೆದರೆ, ಆಳಿದವರ ಮೇಲೂ ಕನಿಕರ ಹುಟ್ಟುತ್ತದೆ.

ಗಂಡಸರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಹೊಟ್ಟೆ ತಣ್ಣಗಾದರೆ ಕಾಲರಾ ಬರುತ್ತದೆಂದು ನಂಬಿ, ಹಿಂದೂಸ್ಥಾನದಲ್ಲಿದ್ದ ಬ್ರಿಟಿಷ್ ಸೈನಿಕರು ಉಣ್ಣೆಯ ಪಟ್ಟಿಯೊಂದನ್ನು ನಡುವಿಗೆ ಸುತ್ತಿಕೊಳ್ಳುತ್ತಿದ್ದರು. ಅದಕ್ಕೆ ‘ಕಾಲರಾ ಬೆಲ್ಟ್’ ಎಂದೇ ಹೆಸರು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತೆಗೆ ಬಂದು ಆ ರೋಗದ ಕ್ರಿಮಿಯನ್ನು ಕಂಡು ತೋರಿಸಿದ ಮೇಲೂ ಪಟ್ಟಿ ಬಹುಕಾಲ ಬಿಡಲಿಲ್ಲ. ಕ್ರಿಮಿಗಿಂತ ರೂಢಿ ಗಟ್ಟಿ.

ಆ ದೇಶದ ಬಲ್ಲವರು ಸುಮ್ಮನಿರಲಿಲ್ಲವೆಂಬುದನ್ನೂ ಹೇಳಬೇಕು. ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ಸ್ಯಾಮ್ಯುಯೆಲ್ ಥಾಮಸ್ ಸೋಮರಿಂಗ್ 1788ರಲ್ಲಿಯೇ ಬಿಗಿಕುಪ್ಪಸದ ಪರಿಣಾಮಗಳ ವಿಷಯವಾಗಿ ಒಂದು ಪುಸ್ತಕ ಬರೆದ. 1881ರಲ್ಲಿ ಲಂಡನ್ನಿನ ಹೆಂಗಸರು ‘ವಿಚಾರಬದ್ಧ ಉಡುಪಿನ ಸಂಘ’ವೊಂದನ್ನು ಕಟ್ಟಿದರು. ಅವರು ಹಾಕಿಕೊಂಡ ನಿಯಮಗಳಲ್ಲಿ ಒಂದನ್ನು ಓದಿ ನಾನು ಬೆರಗಾದೆ: ಒಳಉಡುಪುಗಳ ತೂಕ ಏಳು ಪೌಂಡನ್ನು ಮೀರಬಾರದು! ಎಂದರೆ ಮೂರು ಕಿಲೋಗ್ರಾಮಿಗೂ ಮಿಕ್ಕ ಭಾರ. ಸುಧಾರಕರೇ ಇಷ್ಟಕ್ಕೆ ಒಪ್ಪಿದರೆಂದರೆ ಸುಧಾರಿಸದವರು ಎಷ್ಟು ಹೊರುತ್ತಿದ್ದರೋ. ಪಾಯಿಸ್ ಕಂಡ ರಾಣಿವಾಸದ ತೋಳುಗಳು ಇಲ್ಲಿ ಮತ್ತೆ ನೆನಪಿಗೆ ಬರುತ್ತವೆ.

1914ರ ನವೆಂಬರಿನಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಒಂದು ಹೊಸ ಎದೆಯುಡುಪಿಗೆ ಸರ್ಕಾರದ ಸನ್ನದು ಪಡೆದಳು. ಎರಡು ಕರವಸ್ತ್ರ, ಒಂದಿಷ್ಟು ರಿಬ್ಬನ್ನು. ಇದರಿಂದ ಆಕೆ ಮೊದಲು ತನಗಾಗಿ ಹೊಲಿಸಿಕೊಂಡದ್ದು. ಅದೇ ವರ್ಷ ಮಹಾಯುದ್ಧ ಹತ್ತಿತು. ಗಂಡಸರು ಯುದ್ಧಕ್ಕೆ ಹೋದರು. ಹೆಂಗಸರು ಕಾರ್ಖಾನೆಗೂ ಆಸ್ಪತ್ರೆಗೂ ಬಂದರು. ದುಡಿಯುವವಳಿಗೆ ಬಗ್ಗಬೇಕು, ಏಳಬೇಕು, ಉಸಿರೆಳೆಯಬೇಕು. ವೈದ್ಯರ ಪುಸ್ತಕಗಳಿಂದ ಆಗದ ಕೆಲಸವನ್ನು ದುಡಿಮೆ ಬಹುಬೇಗ ಮಾಡಿತು. ಕಾರ್ಸೆಟ್ಟು ಮೂಲೆ ಸೇರಿತು. ಅದರ ತಂಗಿಯಾದ ಬಾಡಿ ಕ್ರಮೇಣ ನಮ್ಮ ಹಳ್ಳಿಗಳಿಗೂ ಬಂದಿತು. ‘ಬಾಡಿ’ ಎಂದರೆ ಇಂಗ್ಲಿಷಿನಲ್ಲಿ ಮೈ. ನಮ್ಮ ಹೆಂಗಸರ ಬಾಯಲ್ಲಿ ಮೈಯನ್ನು ಕಟ್ಟುವ ಬಟ್ಟೆಗೆ ಆ ಹೆಸರು ನಿಂತಿತು. ಭಾಷೆ ಇಂಥ ಹಾಸ್ಯಗಳನ್ನು ಗೊತ್ತಿಲ್ಲದೆಯೇ ಮಾಡುತ್ತದೆ.

ಈ ನಡುವೆ ನಮ್ಮ ಸೀರೆಯೂ ಬದಲಾಗುತ್ತಿತ್ತು. ಬಂಗಾಳದ ಠಾಕೂರರ ಮನೆಯ ಸೊಸೆ ಜ್ಞಾನದಾನಂದಿನಿ ದೇವಿ, 1860ರ ದಶಕದಲ್ಲಿ ಗಂಡ ಸತ್ಯೇಂದ್ರನಾಥರೊಡನೆ ಮುಂಬಯಿ ಪ್ರಾಂತಕ್ಕೆ ಬಂದಾಗ, ಪಾರಸಿ ಹೆಂಗಸರನ್ನು ನೋಡಿ ರವಿಕೆ, ಒಳಲಂಗಗಳೊಡನೆ ಸೀರೆ ಉಡುವ ಹೊಸ ರೀತಿಯೊಂದನ್ನು ರೂಢಿಸಿದರು. ಮನೆಯಿಂದ ಹೊರಗೆ ಬಂದು ನಾಲ್ವರಲ್ಲಿ ಕೂರಬೇಕಾದ ಹೆಂಗಸಿಗೆ ಅದು ಧೈರ್ಯ ಕೊಟ್ಟಿತು. ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದರು.

ಆಮೇಲೆ ಹೊಲಿಗೆಯ ಯಂತ್ರ ಬಂದಿತು. ಯಂತ್ರಗಳೆಂದರೆ ಆಗದ ಗಾಂಧೀಜಿಯವರು ಕೂಡ 1924ರಲ್ಲಿ ಸಿಂಗರ್ ಯಂತ್ರವೊಂದಕ್ಕೆ ರಿಯಾಯಿತಿ ಕೊಟ್ಟರು. ಸಿಂಗರ್ ತನ್ನ ಹೆಂಡತಿ ಕೈಹೊಲಿಗೆಯಲ್ಲಿ ಬೇಸರಪಡುವುದನ್ನು ನೋಡಲಾರದೆ ಪ್ರೀತಿಯಿಂದ ಮಾಡಿದ್ದೆಂದು ಅವರು ಕಾರಣ ಹೇಳಿದರು. ಯಂತ್ರ ಬಂದ ಮೇಲೆ ಅಳತೆ ಬಂದಿತು, ಅಳತೆಯೊಡನೆ ಕೊಕ್ಕೆ ಬಂದಿತು. ಬಳ್ಳಾರಿ ಆಗ ಮೂರು ಗಾಳಿಗಳ ಸೀಮೆ. ಮುಂಬಯಿ ಕಡೆಯಿಂದ ಪೋಲಕ, ಮದರಾಸಿನಿಂದ ಜಾಕೆಟ್ಟು, ಮೈಸೂರಿನಿಂದ ಜಂಪರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ಆದರೆ ಈ ಹೆಸರುಗಳ ಗಡಿ ತಕರಾರು ಮಾತ್ರ ಬಹಳ ದಿನ ತೀರಲಿಲ್ಲ. ಹೆಸರು ಯಾವುದಾದರೇನು, ಎದೆಯ ಕೆಳಗಿನ ಗಂಟು ಹೋಯಿತು. ಹದಿನೆಂಟು ಮೊಳದ ಸೀರೆ ಹನ್ನೆರಡಕ್ಕೆ ಇಳಿಯಿತು. ಸೀರೆಯನ್ನು ಹಿಡಿದು ನಿಲ್ಲಿಸುವ ಭಾರವೆಲ್ಲ ಲಂಗದ ಲಾಡಿಯ ಮೇಲೆ ಬಿತ್ತು.

ಲಾಡಿಯ ವಿಷಯಕ್ಕೆ ಬಂದಾಗ ನನ್ನ ಲೇಖನಿ ತುಸು ತಡೆಯುತ್ತದೆ. 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ಬರೆದ ಒಂದು ವರದಿ ಪ್ರಕಟವಾಯಿತು. ನಮ್ಮ ದಿನಪತ್ರಿಕೆಗಳಲ್ಲಿಯೂ ಅದರ ಸುದ್ದಿ ಬಂದಿತು. ವಯಸ್ಸಾದ ಇಬ್ಬರು ಹೆಂಗಸರಿಗೆ ಸೊಂಟದಲ್ಲಿ, ಸರಿಯಾಗಿ ಬಟ್ಟೆ ಬಿಗಿಯುವ ಜಾಗದಲ್ಲಿ, ಮಾಯದ ಹುಣ್ಣಾಗಿ ಅದು ಕ್ಯಾನ್ಸರಿಗೆ ತಿರುಗಿತ್ತು. ಒಬ್ಬಾಕೆ ಲಂಗದ ಲಾಡಿಯನ್ನು ಎಷ್ಟೋ ವರ್ಷಗಳಿಂದ ಬಿಗಿಯಾಗಿ ಕಟ್ಟುತ್ತಿದ್ದವಳು. ಇನ್ನೊಬ್ಬಾಕೆ ಲಂಗವಿಲ್ಲದೆ ಸೀರೆಯನ್ನೇ ಬಿಗಿದು ಉಡುತ್ತಿದ್ದವಳು. ಇದು ಅಪರೂಪದ ರೋಗ, ಯಾರೂ ಹೆದರಬೇಕಾಗಿಲ್ಲ. ಆದರೆ ಹೊಸದೂ ಅಲ್ಲ. ಮುಂಬಯಿಯ ಡಾಕ್ಟರ್ ಖಾನೋಲ್ಕರ್ ಮತ್ತು ಅವರ ಜೊತೆಗಾರರು 1945ರಲ್ಲಿಯೇ, ಪಂಚೆಯನ್ನು ಬಿಗಿದು ಉಡುವವರ ಸೊಂಟದಲ್ಲಿ ಇಂಥದೇ ಕ್ಯಾನ್ಸರನ್ನು ಕಂಡು ಬರೆದಿದ್ದರು. ದಿನವೂ ಒಂದೇ ಗೆರೆಯ ಮೇಲೆ ಒತ್ತಡ, ಉಜ್ಜುವಿಕೆ, ಬೆವರು, ಧೂಳು. ಚರ್ಮ ಮೊದಲು ಕಪ್ಪಾಗುತ್ತದೆ, ಆಮೇಲೆ ಸವೆಯುತ್ತದೆ, ಎಲ್ಲೋ ಒಬ್ಬರಿಗೆ ಹುಣ್ಣಾಗುತ್ತದೆ.

ಆ ಸುದ್ದಿಯನ್ನು ಓದಿದ ವಾರವೇ ನಾನು ರೂಪನಗುಡಿಗೆ ಹೋದೆ. ಅವ್ವನ ಸೊಂಟ ನೋಡಬೇಕೆಂದರೆ ಆಕೆ ಒಪ್ಪಲಿಲ್ಲ. “ನಿನಗೇನು ಹುಚ್ಚೇನು?” ಎಂದು ಬೈದಳು. ಕೊನೆಗೆ ಸ್ನಾನದ ಮನೆಯಲ್ಲಿ ಬೆನ್ನು ತಿಕ್ಕುವ ನೆಪ ಮಾಡಿ ನೋಡಿದೆ. ಸೊಂಟದ ಸುತ್ತ, ಕಪ್ಪು ಉಡಿದಾರ ಕಟ್ಟಿದಂತೆ, ಬೆರಳಗಲದ ಕಪ್ಪು ಗೆರೆ. ಬಲಗಡೆ, ಗಂಟು ಬೀಳುವ ಜಾಗದಲ್ಲಿ, ಚರ್ಮ ದಪ್ಪವಾಗಿ ಒಡೆದಿತ್ತು. ಅಲ್ಲಿಗೆ ಆಕೆ ಅರಿಸಿನ ಹಚ್ಚಿದ್ದಳು. ಎಷ್ಟು ದಿನದಿಂದ ಎಂದು ಕೇಳಿದೆ. “ಲಂಗ ಅಂದಮ್ಯಾಲ ಕಲೆ ಇರಂಗಿಲ್ಲೇನು? ಎಲ್ಲಾರಿಗೂ ಐತಿ,” ಎಂದಳು. ನಲವತ್ತು ವರ್ಷ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ನಮ್ಮನ್ನು ಓದಿಸಿದ ಮೈ ಅದು. ಬಗ್ಗಿದಾಗ ಸೀರೆ ಜಾರಬಾರದೆಂದು ಲಾಡಿ ಬಿಗಿ. ಬಿಗಿದದ್ದು ಸಂಜೆಯವರೆಗೂ ಬಿಗಿ. ಅಜ್ಜಿಯ ಗಂಟಿನ ಹಾಗೆ ಮರದ ಕೆಳಗೆ ಅದನ್ನು ಸಡಿಲಿಸುವ ಹಾಗಿರಲಿಲ್ಲ. ನಾಚಿಕೆಯಿಂದ ಮುಚ್ಚಿಟ್ಟ ನೋವನ್ನು ನಾನು, ಹೊಟ್ಟೆಯ ಮಗಳು, ಎಂ.ಎ. ಓದಿದವಳು, ಅಲ್ಲಿಯವರೆಗೆ ಒಂದು ದಿನವೂ ಕೇಳಿರಲಿಲ್ಲ.

ಬಳ್ಳಾರಿಗೆ ಕರೆತಂದು ಚರ್ಮದ ಡಾಕ್ಟರಿಗೆ ತೋರಿಸಿದೆವು. ದೇವರ ದಯೆ, ಕೆಟ್ಟದ್ದೇನೂ ಇರಲಿಲ್ಲ. ಮುಲಾಮು ಬರೆದುಕೊಟ್ಟು, ಲಾಡಿ ತೆಗೆದು ಅಗಲವಾದ ಪಟ್ಟಿ ಹಾಕಿಸಿ, ದಿನವೂ ಒಂದೇ ಜಾಗದಲ್ಲಿ ಕಟ್ಟಬೇಡಿ, ಮನೆಯಲ್ಲಿದ್ದಾಗ ಸಡಿಲ ಬಿಡಿ ಎಂದರು. ಇದರಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ. ಅದೇ ಭಾರ ದಾರದ ಮೇಲೆ ಬಿದ್ದರೆ ಕೊಯ್ಯುತ್ತದೆ, ನಾಲ್ಕು ಬೆರಳಗಲದ ಬಟ್ಟೆಯ ಮೇಲೆ ಬಿದ್ದರೆ ಹಂಚಿಹೋಗುತ್ತದೆ. ನೀರು ಸೇದುವ ಹಗ್ಗವನ್ನು ಬ್ಯಾಗಿನ ಪಟ್ಟಿಯಂತೆ ಹೆಗಲಿಗೆ ಹಾಕಿಕೊಂಡವರಿಗೆ ಇದು ಗೊತ್ತು.

ಅಂಗಡಿಯ ಹುಡುಗಿಯ ಪೆಟ್ಟಿಗೆಗೆ ಈಗ ಹಿಂದಿರುಗೋಣ. ಲಾಡಿ ಬೇಡ ಎನ್ನುವುದಾದರೆ ಅವಳು ಹೇಳಿದ್ದೂ ಸರಿಯೇ ಅಲ್ಲವೆ? ಆ ಹಿಗ್ಗುವ ಬಟ್ಟೆಯ ಕಥೆ 1958ರದು. ಅಮೆರಿಕದ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್, ಹೆಂಗಸರ ಬಿಗಿಯುಡುಪುಗಳಲ್ಲಿದ್ದ ರಬ್ಬರಿಗೆ ಬದಲಾಗಿ ಒಂದು ಎಳೆಯನ್ನು ಹುಡುಕುತ್ತ, ತನ್ನ ಉದ್ದದ ಐದಾರು ಪಟ್ಟು ಹಿಗ್ಗಿ ಮತ್ತೆ ಕುಗ್ಗುವ ನೂಲನ್ನು ಕಂಡುಹಿಡಿದ. ಅದೇ ಲೈಕ್ರಾ. ಇಂದು ಆ ಎಳೆ ಇಲ್ಲದ ಊರಿಲ್ಲ. ನಮ್ಮ ಬಳ್ಳಾರಿಯೇ ಜೀನ್ಸಿಗೆ ಹೆಸರಾದ ಊರು. ಮೊದಲ ಮಹಾಯುದ್ಧದ ಕಾಲದಲ್ಲಿ ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದ ಮರಾಠಿ ದರ್ಜಿಗಳ ಮನೆತನಗಳಿಂದ ಈ ಕಸುಬು ಬೆಳೆಯಿತೆಂದು ಊರವರು ಹೇಳುತ್ತಾರೆ. ಗಣಿಗಾರರ, ಗಾಡಿ ಹೊಡೆಯುವವರ ಒರಟು ಬಟ್ಟೆಯಾಗಿದ್ದ ಜೀನ್ಸಿಗೂ ಈಗ ಲೈಕ್ರಾ ಸೇರಿ, ಅದೂ ಮೈಗೆ ಅಂಟುತ್ತದೆ. ನಮ್ಮ ಎರೆನೆಲದ ಹತ್ತಿಗೆ ಹಿಗ್ಗುವ ಗುಣವಿರಲಿಲ್ಲ. ಆದ್ದರಿಂದ ಬಟ್ಟೆಯಲ್ಲಿ ಜಾಗ ಬಿಡಬೇಕಾಗಿತ್ತು. ಹಿಗ್ಗುವ ಎಳೆ ಬಂದ ಮೇಲೆ ಜಾಗ ಬಿಡುವುದು ಯಾರಿಗೂ ಬೇಡವಾಯಿತು.

ಕಾರ್ಸೆಟ್ಟಿಗೆ ಉಕ್ಕಿತ್ತು, ಕಣ್ಣಿಗೆ ಕಾಣುತ್ತಿತ್ತು, ಅದರ ವಿರುದ್ಧ ಸಂಘ ಕಟ್ಟಬಹುದಾಗಿತ್ತು. ಈ ಹೊಸ ಉಡುಪು ಮೆತ್ತಗಿದೆ, ಮೈಬಣ್ಣದ್ದು, ಹಿತವೆಂಬ ಹೆಸರಿನಲ್ಲಿಯೇ ಬರುತ್ತದೆ. ಅದಕ್ಕೆ ಗಂಟೇ ಇಲ್ಲ. ಊಟದ ಮೇಲೆ ಒಂದಿಷ್ಟು ಸಡಿಲಿಸೋಣವೆಂದರೆ ಸಡಿಲಿಸುವ ತುದಿ ಎಲ್ಲಿದೆ?

ಆದರೂ ನಮ್ಮ ಹೆಂಗಸರು ದಾರಿ ಕಾಣದವರಲ್ಲ. ರೂಪನಗುಡಿಯ ಹೊಲಗಳ ಕಡೆ ಹೋಗಿ ನೋಡಿ. ಮೆಣಸಿನಕಾಯಿ ಬಿಡಿಸುವವರೆಲ್ಲ ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ಪೂರಾ ತೋಳಿನ ಅಂಗಿ ತೊಟ್ಟಿರುತ್ತಾರೆ. ಬಿಸಿಲಿಗೆ ನೆರಳು, ಘಾಟಿಗೆ ತಡೆ, ಬಗ್ಗಿದರೆ ಬೆನ್ನು ಕಾಣುವುದಿಲ್ಲ, ಮುಂದೆ ಗುಂಡಿ. ಯಾವ ಫ್ಯಾಷನ್ ಪಂಡಿತನೂ ಅದನ್ನು ಕಲ್ಪಿಸಲಿಲ್ಲ. ಊರೊಳಗೆ ನೈಟಿ ತೊಟ್ಟು, ಮೇಲೊಂದು ಟವೆಲ್ ಹೊದ್ದು ಹಾಲಿಗೆ ಬರುವ ಗೃಹಿಣಿಯನ್ನು ನೋಡಿ ಪೇಟೆಯ ವಿನೋದಗಾರರು ನಗುವುದುಂಟು. ನಾನೂ ನಕ್ಕವಳೇ, ಈಗ ನಗುವುದಿಲ್ಲ. ಅವಳ ಸೊಂಟಕ್ಕೆ ಲಾಡಿಯಿಲ್ಲ.

ಬಿಗಿತವೇ ಕೆಟ್ಟದ್ದು, ಸಡಿಲವೇ ಒಳ್ಳೆಯದು ಎಂದು ನಾನು ಹೇಳಲಾರೆ. ಬಾಣಂತಿಗೆ ಬಿಗಿ ಹಿತವೆನಿಸುತ್ತದೆ. ಓಡುವ ಹುಡುಗಿಗೆ ಬಾಡಿ ಬೇಕು. ತಿರುವಾಂಕೂರಿನ ತಾಯಂದಿರಿಗೆ ರವಿಕೆಯೇ ಮಾನವಾಗಿತ್ತು. ಈ ಉದ್ದದ ಕಥೆಯಿಂದ ನನಗೆ ತಿಳಿದದ್ದು ಇಷ್ಟೆ: ಯಾವ ಉಡುಪನ್ನಾದರೂ ಕಟ್ಟುವ, ಬಿಚ್ಚುವ ಗಂಟು ತೊಟ್ಟವಳ ಕೈಗೆ ಎಟುಕುತ್ತಿರಬೇಕು. ಪರರ ಇಚ್ಛೆಗೆ ಎರಡು ಗಳಿಗೆ ಬಿಗಿಯೋಣ. ಮೈ ಬೇಡವೆಂದಾಗ ಬಿಚ್ಚುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಬಾರದು. ಅದಿಲ್ಲದ ಕಡೆ ಉಕ್ಕಾದರೇನು, ಲೈಕ್ರಾ ಆದರೇನು?

ಮದುವೆಯ ದಿನ ಆರತಕ್ಷತೆಯಲ್ಲಿ ಹುಡುಗಿ ಆ ಶೇಪ್‌ವೇರ್ ತೊಟ್ಟಿದ್ದಳು. ಸೀರೆ ಚೆನ್ನಾಗಿಯೇ ಕೂತಿತ್ತು. ಚಂದ ಕಂಡಳು, ಸುಳ್ಳು ಹೇಳಬಾರದು. ಮೂರು ಗಂಟೆ ನಿಂತು ನೂರಾರು ಜನರಿಗೆ ಕೈಮುಗಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು, “ದೊಡ್ಡಮ್ಮಾ, ಊಟಕ್ಕೆ ಕೂಡೋಕೆ ಮುಂಚೆ ಇದನ್ನ ತೆಗೀಬೇಕು,” ಎಂದಳು. ತೆಗೆದು ಬಂದು ಎರಡು ಹೋಳಿಗೆ ತಿಂದಳು.

ಅವ್ವನ ಲಂಗಗಳಿಗೆಲ್ಲ ನಾನೇ ಕೂತು ನಾಲ್ಕು ಬೆರಳಗಲದ ನೂಲಿನ ಪಟ್ಟಿ ಹೊಲಿದುಕೊಟ್ಟೆ. ಮೊದಮೊದಲು ಸೀರೆ ಜಾರುತ್ತದೆಂದು ಗೊಣಗಿದಳು. ಈಗ ನೆರೆಮನೆಯವರಿಗೂ ಹೊಲಿದುಕೊಡೆಂದು ಹಳೆಯ ಲಂಗಗಳ ಗಂಟು ಕಳಿಸುತ್ತಾಳೆ. ಮುಂದಿನ ತಿಂಗಳು ಮೊಮ್ಮಗಳ ಕುಬುಸ. ಹಸಿರು ಖಣವೇ ಆಗಬೇಕು, ಅದನ್ನು ಹಳೆಯ ರೀತಿಯಲ್ಲಿ ಮುಂದೆ ಗಂಟು ಬರುವಂತೆಯೇ ಹೊಲಿಸಬೇಕು ಎಂದು ಅವ್ವನ ಹಟ. ಹಾಗೆ ಹೊಲಿಯುವ ದರ್ಜಿಯನ್ನು ಬಳ್ಳಾರಿಯಲ್ಲಿ ಹುಡುಕುತ್ತಿದ್ದೇನೆ.